ಹತ್ತನೆಯ ಚೆಂಡು

ಆ ಗಾಲ್ಫ್ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಬುಟ್ಟಿಯಕ್ಕ ಅಂತಲೇ ಕರೆಯುವುದು. ಸದಸ್ಯರು ಅಭ್ಯಾಸಕ್ಕೆಂದು ಹೊಡೆದ ಚೆಂಡುಗಳನ್ನು ಹೆಲ್ಮೆಟ್ ಹಾಕಿಕೊಂಡು ಬುಟ್ಟಿಗೆ ಹೆಕ್ಕುವುದು ಅವಳ ಹತ್ತೊಂಬತ್ತು ವರ್ಷದ ಕೆಲಸ. ಎದುರಿಗೆ ಮನುಷ್ಯರಿದ್ದಾರೆಂದು ಕೈ ತಡೆಯುವ ಪುಣ್ಯಾತ್ಮರು ಅಲ್ಲಿ ಯಾರೂ ಇಲ್ಲ. ತಲೆ ಉಳಿಸಿಕೊಳ್ಳಲು ಅವಳು ಹೊಡೆಯುವವರ ಮಣಿಕಟ್ಟು ನೋಡುವುದನ್ನು ಕಲಿತಳು. ಕೋಲು ಇಳಿಯುವಾಗ ತೋಳು ಮುಂದೆ ಬಂದು, ಮಡಚಿದ ಮಣಿಕಟ್ಟು ಚೆಂಡಿನ ಹತ್ತಿರ ತಾನಾಗಿ ಬಿಚ್ಚಿಕೊಂಡರೆ ಚೆಂಡು ನೇರ. ತೋಳು ಬಿಗಿದು ಮಣಿಕಟ್ಟು ಬಿಚ್ಚದಿದ್ದರೆ ಬಲಕ್ಕೆ. ಅವಸರಪಟ್ಟು ಹೊರಳಿದರೆ ಎಡಕ್ಕೆ. ಚೆಂಡು ಹಾರುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

ಬೆಳಗ್ಗೆ ಮೈದಾನ ಖಾಲಿ ಇದ್ದಾಗ, ಯಾರೋ ಬಿಸಾಕಿದ ಹಳೇ ಕೋಲು ಹಿಡಿದು ತಾನೂ ಹೊಡೆಯಲು ಕಲಿತಳು. ಈಗ ಕ್ಲಬ್ಬಿಗೆ ಆಟ ಕಲಿಸುವವರು ಬೇಕಾಗಿದ್ದರು. ಅದಕ್ಕೊಂದು ಪರೀಕ್ಷೆ: ಹದಿನೈದು ನಿಮಿಷ, ಹತ್ತು ಚೆಂಡು. ಏಳು ಸುಣ್ಣದ ವೃತ್ತದೊಳಗೆ ಬಿದ್ದರೆ ಕೆಲಸ ಅವಳದು. ಇಲ್ಲವಾದರೆ ಮತ್ತೆ ಅದೇ ಬುಟ್ಟಿ.

ಒಂಬತ್ತು ಚೆಂಡು ಮುಗಿದವು. ಆರು ಒಳಗೆ, ಮೂರು ಹೊರಗೆ. ಆ ಮೂರೂ ಎಡಕ್ಕೇ ಹೋಗಿದ್ದವು.

ಹೋಗದೆ ಏನು ಮಾಡುತ್ತವೆ? ವೃತ್ತದ ಬಲಗಡೆ ಅವಳ ನಾದಿನಿ ಬಗ್ಗಿಕೊಂಡು ಚೆಂಡು ಹೆಕ್ಕುತ್ತಿದ್ದಳು. ಮನುಷ್ಯರಿರುವ ಕಡೆಗೆ ಬುಟ್ಟಿಯಕ್ಕ ಜನ್ಮದಲ್ಲೇ ಕೋಲು ಬೀಸಿದವಳಲ್ಲ. ಬಲಕ್ಕೆ ಹೋದೀತೆಂಬ ಭಯಕ್ಕೆ ಮಣಿಕಟ್ಟು ಮೊದಲೇ ಹೊರಳಿಬಿಡುತ್ತಿತ್ತು. ಬೇಡ ಬೇಡ ಅಂದರೂ ಕೈ ಕೇಳುತ್ತಿರಲಿಲ್ಲ.

"ಸಾರ್, ಅವಳನ್ನ ಸ್ವಲ್ಪ ಈಚೆ ಕರೀರಿ" ಎಂದು ಶುರುವಿನಲ್ಲೇ ಬೇಡಿಕೊಂಡಿದ್ದಳು.

ಗಡಿಯಾರ ಹಿಡಿದು ನಿಂತಿದ್ದ ಕಾರ್ಯದರ್ಶಿ ನಕ್ಕುಬಿಟ್ಟಿದ್ದ. "ದಿನಾ ಇರೋದೇ ಅಲ್ವೇನಮ್ಮಾ? ಇವತ್ತೇನು ಹೊಸದಾ?"

ಹೊಸದಂತೆ! ಒಂದು ದಿನ ಆ ಹೆಲ್ಮೆಟ್ ಹಾಕಿಕೊಂಡು ಅಲ್ಲಿ ನಿಂತಿದ್ದರೆ ಗೊತ್ತಾಗುತ್ತಿತ್ತು ಮಹಾರಾಯನಿಗೆ.

ಹತ್ತನೆಯ ಚೆಂಡಿಟ್ಟಳು. ಕೋಲು ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಮೊಣಕೈಯಿಂದ ಬೆರಳಿನ ತನಕ ಮರಗಟ್ಟಿದ ಹಾಗಾಗಿತ್ತು. ಈ ಸಲ ಬಲಕ್ಕೇ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು.

"ಇನ್ನು ಮೂರೇ ನಿಮಿಷ" ಎಂದ ಕಾರ್ಯದರ್ಶಿ.

ಅವಳು ಕೋಲನ್ನು ಹುಲ್ಲಿನ ಮೇಲಿಟ್ಟು ಮೈದಾನಕ್ಕೆ ಓಡಿದಳು.

"ಏ, ಎಲ್ಲಿಗಮ್ಮಾ? ಟೈಮ್ ನಿಲ್ಲಲ್ಲ!"

ಕೂಗಿದರೆ ಹೆಲ್ಮೆಟ್ಟಿನೊಳಗಿನ ಕಿವಿಗೆ ಕೇಳುವಂತಿರಲಿಲ್ಲ. ಹತ್ತಿರ ಹೋಗಿ ರಟ್ಟೆ ಹಿಡಿದಾಗ ನಾದಿನಿ ಬೆಚ್ಚಿಬಿದ್ದಳು. "ಅತ್ತಿಗೇ, ಆಯ್ತಾ? ಗೆದ್ರಾ?" ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ದರದರ ಎಳೆದುಕೊಂಡು ಬಂದು ತನ್ನ ಬೆನ್ನ ಹಿಂದೆ ನಿಲ್ಲಿಸಿದಳು.

"ಇಪ್ಪತ್ತು ಸೆಕೆಂಡ್."

ಏದುಸಿರು. ಹಾಗೇ ಹೊಡೆದರೆ ತೋಳು ಬಿಗಿಯುತ್ತದೆ, ಎಲ್ಲ ಮಣ್ಣುಪಾಲು. ಕಾಯ್ದರೆ ಹೊತ್ತು ಮೀರುತ್ತದೆ. ಒಂದು ಉಸಿರು ಬಿಟ್ಟಳು. ಇನ್ನೊಂದು. ಎದುರಿಗೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೋಲು ಎತ್ತಿದಳು, ತೋಳು ಇಳಿಯಿತು, ಮಣಿಕಟ್ಟು ತಡೆದುಕೊಂಡೇ ಬಂದು ಚೆಂಡಿನ ಹತ್ತಿರ ಸಲೀಸಾಗಿ ಬಿಚ್ಚಿಕೊಂಡಿತು. ಚೆಂಡು ವೃತ್ತದ ನಟ್ಟನಡುವೆ ಬಿತ್ತು.

"ಲೆಕ್ಕಕ್ಕಿಲ್ಲ. ಕೋಲು ಮೇಲಿದ್ದಾಗಲೇ ಟೈಮ್ ಮುಗೀತು" ಎಂದು ಕಾರ್ಯದರ್ಶಿ ಗಡಿಯಾರವನ್ನು ಜೇಬಿಗಿಳಿಸಿ ನಡೆದೇಬಿಟ್ಟ.

ಬುಟ್ಟಿಯಕ್ಕನಿಗೆ ಅಳು ಬಂತು, ಅತ್ತಳು ಕೂಡ.

ನಾದಿನಿಗೆ ಆಗ ಎಲ್ಲ ಅರ್ಥವಾಗಿ ಸಿಟ್ಟು ನೆತ್ತಿಗೇರಿತು. "ನಿಮಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಕೈಗೆ ಬಂದ ಕೆಲಸ! ಹೊಡೆದುಬಿಡೋದಲ್ವಾ? ನಾನು ಬಗ್ಗಿಕೊಳ್ತಿದ್ದೆ. ಇಷ್ಟು ವರ್ಷ ಎಲ್ಲರ ಚೆಂಡಿಗೂ ಬಗ್ಗಿಲ್ವಾ ನಾನು?"

ಬುಟ್ಟಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಚೆಂಡಿಗೆ ಬಗ್ಗಬೇಡ" ಎಂದಳು.