ಕಾರಿನ ನೆತ್ತಿಯ ಮೇಲಿನ ಮಂಡಕ್ಕಿ

ಕಾರಿನ ನೆತ್ತಿಯ ಮೇಲಿದ್ದ ಕ್ಯಾರಿಯರನ್ನು ಬಿಚ್ಚಿ ಇಡಬೇಕಿತ್ತು, ಇಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಅಣ್ಣನಿಗೆ ಒಂದು ನಿಜ ಹೇಳಬೇಕಿತ್ತು. ಮೂರು ತಿಂಗಳು ಹೇಳಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಸುತ್ತಿ ಬಳಸಿ ಬರೆಯಲು ಬಾರದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹರಿಹರದಲ್ಲಿ ನನ್ನದೊಂದು ಮಂಡಕ್ಕಿ ಮಿರ್ಚಿ ಅಂಗಡಿ. ಅಣ್ಣನ ಮನೆ ಪಕ್ಕದಲ್ಲೇ. ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರೊಬ್ಬರಿಗೆ ಬಹಳ ವರ್ಷ ಡ್ರೈವರ್ ಆಗಿದ್ದವನು, ಕೆಲಸ ಬಿಟ್ಟ ಮೇಲೆ ಒಂದು ಹಳೇ ಕಾರು ಕೊಂಡ. ದಿನ ಬಿಟ್ಟು ದಿನ ನಾನು ಅದರಲ್ಲಿ ದಾವಣಗೆರೆಯ ಭಟ್ಟಿಯಿಂದ ಮಂಡಕ್ಕಿ ಚೀಲ ತರುತ್ತಿದ್ದೆ. ಉಳಿದ ದಿನ ಕಾರು ಅವನದು.

ಓಡಿಸಲು ಕಲಿಸಿದವನೂ ಅವನೇ. ಆ ದಿನಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಅರ್ಧ ಫರ್ಲಾಂಗು ದೂರದಲ್ಲಿ ಕೆಂಪು ದೀಪ ಕಂಡರೆ ಆಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ರೈಲ್ವೆ ಗೇಟಿನಲ್ಲಿ ಇಂಜಿನ್ ಆರಿಸಬೇಕು. ಅಪ್ಪಿತಪ್ಪಿ ಬ್ರೇಕ್ ಒತ್ತಿದರೆ ಶುರು.

“ಬ್ರೇಕ್ ತುಳಿದಿ ಅಂದ್ರ ಮುಂದಿನ ದಾರಿ ನೋಡಿಲ್ಲ ಅಂತ ಅರ್ಥ. ಸುಟ್ಟ ಪೆಟ್ರೋಲೆಲ್ಲಾ ಬೀದಿಗೆ ಚೆಲ್ಲಿದಂಗೆ.”

“ಅಣ್ಣ, ಹಿಂದೆ ಎತ್ತಿನ ಗಾಡಿ ಬರ್ತೈತೆ, ದಾರಿ ಬಿಡು ಅಂತೈತೆ.”

“ಹೋಗ್ಲಿ ಬಿಡು. ಅದಕ್ಕೆ ಪೆಟ್ರೋಲ್ ಬ್ಯಾಡ.”

ನಮ್ಮಿಬ್ಬರಲ್ಲಿ ಯಾರೇ ದಾವಣಗೆರೆಗೆ ಹೋಗಿ ಬಂದರೂ ಕಾರಿನೊಳಗಿನ ಡಬ್ಬಿಗೆ ಒಂದು ಹುಣಸೆಬೀಜ ಹಾಕಬೇಕು. ಮತ್ತೆ ಟ್ಯಾಂಕ್ ತುಂಬಿಸುವ ದಿನ ಅವನ್ನು ಎಣಿಸುತ್ತಿದ್ದ. ಯಾವಾಗಲೂ ಇಪ್ಪತ್ತು. ಆ ಇಪ್ಪತ್ತನ್ನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ವ್ಯಾಪಾರ ಹೆಚ್ಚಾದಾಗ ನಾನು ಕಾರಿನ ಮೇಲೆ ಕ್ಯಾರಿಯರ್ ಕೂರಿಸಿದೆ. ಮುಂದಿನ ಟ್ಯಾಂಕಿಗೆ ಬೀಜ ಹದಿನಾರಕ್ಕೆ ಇಳಿಯಿತು.

“ಮ್ಯಾಲೆ ಭಾರ ಆತೇನು ನೋಡು” ಎಂದ.

“ಮಂಡಕ್ಕಿಗೆ ಎಂಥಾ ಭಾರ? ಉಫ್ ಅಂದ್ರೆ ಹಾರ್ತೈತೆ” ಎಂದೆ. ನಾನೂ ಹಾಗೇ ನಂಬಿದ್ದೆ.

ಆಮೇಲೆ ಅವನ ಕಾಟ ಹೇಳತೀರದು. ದಿನಾ ಬಾನೆಟ್ ಎತ್ತುವುದು, ಟೈರಿಗೆ ಗಾಳಿ ನೋಡುವುದು, ಸಂಜೆ ಅಂಗಡಿಗೆ ಬಂದು ಗಿರಾಕಿಗಳೆದುರೇ “ರೇಸ್ ಮಾಡಿದ್ಯಾ?” ಎಂದು ಕೇಳುವುದು. ಒಂದು ಸಂಜೆ ಬಾಣಲೆಯಲ್ಲಿ ಮಿರ್ಚಿ ಹೊತ್ತುತ್ತಿದ್ದಾಗಲೂ ಅದನ್ನೇ ಕೇಳಿದ. ನನಗೆ ರೇಗಿತು.

“ನನ್ನನ್ಯಾಕ ಕೇಳ್ತಿ? ಸಕ್ಕರೆ ಕಾಯಿಲೆಗೆ ನಿನ್ನ ಪಾದ ಜೋಮು ಹಿಡಿದೈತೆ. ಎಷ್ಟು ತುಳಿತೀಯ ಅಂತ ನಿನಗೇ ಗೊತ್ತಾಗಲ್ಲ.”

ಅವನು ಬಗ್ಗಿ ತನ್ನ ಬಲಗಾಲು ನೋಡಿಕೊಂಡು ಮನೆಗೆ ಹೋದ. ಮರುದಿನ ಬಸ್ಸು ಹತ್ತಿ ಹಳೇ ಡಾಕ್ಟರ ಬಳಿ ಹೋಗಿಬಂದ. ಅವರು ಪಾದಕ್ಕೆ ದಾರ ಮುಟ್ಟಿಸಿ, ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿ, ಸ್ಪರ್ಶ ಚೆನ್ನಾಗಿದೆ ಎಂದರಂತೆ.

“ಮತ್ತೇನು, ಓಡಿಸು” ಎಂದೆ.

“ಡಾಕ್ಟ್ರು ನನ್ನ ಕಾರು ನೋಡ್ಯಾರೇನು? ನೋಡಿದಾಕಿ ನೀನು” ಎಂದು ಕೀಲಿ ಕೊಟ್ಟುಬಿಟ್ಟ. ಇಂಥವನಿಗೆ ಏನು ಹೇಳುವುದು? ಅಷ್ಟು ಓದಿದ ಡಾಕ್ಟರ ಮಾತು ಬಿಟ್ಟು, ಸಿಟ್ಟಿನಲ್ಲಿ ಆಡಿದ ನನ್ನ ಮಾತು ನಂಬಿದ.

ಅವನು ಓಡಿಸುವುದನ್ನು ನಿಲ್ಲಿಸಿದ ಮೇಲೂ ಬೀಜ ಹದಿನಾರೇ. ಆದರೆ ಅವನು ಆ ಡಬ್ಬಿಯ ಕಡೆ ನೋಡುವುದನ್ನೇ ಬಿಟ್ಟಿದ್ದ. ಅಷ್ಟರಲ್ಲಿ ಕ್ಯಾರಿಯರಿನ ಒಂದು ಕಾಲು ಮುರಿಯಿತು. ಅದನ್ನು ಬಿಚ್ಚಿಸಿ ವೆಲ್ಡಿಂಗ್‌ಗೆ ಕೊಟ್ಟೆ. ವೆಲ್ಡಿಂಗಿನವನು ಇವತ್ತು ನಾಳೆ ಎಂದು ಮೂರು ವಾರ ಸತಾಯಿಸಿದ. ಹಿಂದಿನ ಸೀಟಿನಲ್ಲೇ ಚೀಲ ತುರುಕಿ ತಂದೆ. ಟ್ಯಾಂಕ್ ಮುಗಿದಾಗ ಎಣಿಸಿದರೆ ಬೀಜ ಇಪ್ಪತ್ತು.

ವೆಲ್ಡಿಂಗಿನವನನ್ನು ಕೇಳಿದೆ. “ತೂಕ ಅಲ್ಲಕ್ಕಾ, ಗಾಳಿ” ಎಂದು ನಕ್ಕ. “ಚೀಲ ಗಾಳಿಗೆ ಎದಿ ಕೊಟ್ಟು ನಿಂತಿರ್ತಾವ. ಖಾಲಿ ಕ್ಯಾರಿಯರೂ ಗಾಳಿ ಹಿಡಿತೈತೆ. ಅದನ್ನ ದೂಡಾಕ ಪೆಟ್ರೋಲ್ ಬ್ಯಾಡೇನು?”

ಅಂದೇ ಅಣ್ಣನಿಗೆ ಹೇಳಬಹುದಿತ್ತು. ಹೇಳಿದರೆ ಕಾರು ಮತ್ತೆ ದಿನ ಬಿಟ್ಟು ದಿನದ್ದಾಗುತ್ತದೆ. ದಿನವೂ ಸಿಗುವ ಕಾರಿಗೆ ನಾನು ಒಗ್ಗಿಹೋಗಿದ್ದೆ. ಕ್ಯಾರಿಯರನ್ನು ಮತ್ತೆ ಬಿಗಿಸಿಕೊಂಡು ಬಂದೆ.

ಮೊನ್ನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನೆಂಟರ ಮಗುವಿಗೆ ತೊಟ್ಟಿಲ ಶಾಸ್ತ್ರ. ಅಣ್ಣ ನನ್ನ ಎಡಕ್ಕೆ ಕೂತು ಬಂದ. ವಾಪಸ್ ಹೊರಡುವಾಗ, ಹೇಗೂ ಬಂದಿದ್ದೇವೆಂದು ಚೀಲಗಳನ್ನೂ ಹೇರಿಕೊಂಡೆ. ಅವನು ಚಪ್ಪಲಿ ಬಿಟ್ಟು ಬಲಗಾಲನ್ನು ಮ್ಯಾಟಿನ ಮೇಲೆ ಇಟ್ಟಿದ್ದ. ದೂರದಲ್ಲಿ ಕೆಂಪು ದೀಪ ಕಂಡಿತು. ಅವನ ಪಾದ ಮೆಲ್ಲಗೆ ಮೇಲೆದ್ದಿತು. ನಾನು ಇನ್ನೂ ತುಳಿಯುತ್ತಲೇ ಇದ್ದೆ. ಮುಂದಿನ ರಸ್ತೆ ಉಬ್ಬಿಗೂ ಹಾಗೇ, ರೈಲ್ವೆ ಗೇಟಿಗೂ ಹಾಗೇ. ಪ್ರತಿ ಸಲವೂ ನನಗಿಂತ ಮೊದಲು, ಸರಿಯಾದ ಜಾಗದಲ್ಲಿ.

ಮನೆ ಮುಂದೆ ಇಳಿದವನು ಉಡದಾರಕ್ಕೆ ಕಟ್ಟಿದ್ದ ಎರಡನೇ ಕೀಲಿ ಬಿಚ್ಚಿದ.

“ಇದನ್ನೂ ಇಟ್ಕೊ ತಂಗಿ. ಕಾರು ನಿನ್ನ ಹೆಸರಿಗೇ ಮಾಡಿಸ್ತೀನಿ. ಮಾತು ಕೇಳದ ಕಾಲು ಕಟ್ಕೊಂಡು ನನಗ್ಯಾಕ?”

ಕೀಲಿ ಇನ್ನೂ ಬೆಚ್ಚಗಿತ್ತು. ನಾನು ಕ್ಯಾರಿಯರನ್ನೇ ನೋಡುತ್ತ ಏನೋ ಗೊಣಗಿದೆ.

“ಏನಂದಿ? ಚೀಲಕ್ಕೆ ಹೇಳಬ್ಯಾಡ, ನನಗೆ ಹೇಳು.”

ಅವನ ಕಡೆ ತಿರುಗಿ ಹೇಳಿದೆ: “ನಿನ್ನ ಕಾಲು ಸರಿ ಐತೆ ಅಣ್ಣ. ಪೆಟ್ರೋಲ್ ಕುಡಿದಿದ್ದು ಈ ಚೀಲ. ಮೂರು ತಿಂಗಳಿಂದ ನಂಗೆ ಗೊತ್ತು. ಕಾರು ದಿನಾ ನನಗೇ ಇರ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ತಪ್ಪಾತು.”