ಪಟ್ಟಿಯಲ್ಲಿ ಈರಮ್ಮ ಇರಲಿಲ್ಲ

“ಇದು ನಮ್ಮ ಸಾಲಿ ಅಲ್ಲೇನ್ರಿ?” ಚಿಪ್ಪಗಿರಿಗೆ ಹೊರಟಿದ್ದ ಷೇರ್ ಆಟೋದಲ್ಲಿ ಪಕ್ಕದ ಹೆಂಗಸು ನನ್ನ ಮೊಬೈಲಿಗೆ ಬಗ್ಗಿ ಕೇಳಿದಳು. ಹೈಸ್ಕೂಲು ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಯಾರೋ ಶಾಲೆಯ ಹಳೆಯ ಫೋಟೋ ಹಾಕಿದ್ದರು. ತಲೆಯೆತ್ತಿ ನೋಡಿದರೆ ಹತ್ತನೇ ಕ್ಲಾಸಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿದ್ದ ಈರಮ್ಮ!

ನಾವೆಲ್ಲ ಸೇರಿ ಶಾಲೆಯ ಚರಿತ್ರೆ ಬರೆಯುತ್ತಿದ್ದೇವೆ, ಆದರೆ ಕಟ್ಟಡ ಏಳುವ ಮೊದಲು ಪಾಠ ಎಲ್ಲಿ ನಡೆಯುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ ಎಂದೆ.

“ನಮ್ಮ ದನದ ಕೊಟ್ಟಿಗ್ಯಾಗ. ನಮ್ಮಜ್ಜಿ ಡೈಲಿ ಎತ್ತು ಹೊರಗ ಕಟ್ಟಿ, ನೆಲ ಸಾರಿಸಿ ಕೊಡ್ತಿದ್ಲಂತ.”

“ಅಯ್ಯೋ, ನೀನ್ಯಾಕೆ ನಮ್ಮ ಗುಂಪಿನಲ್ಲಿಲ್ಲ?”

“ನಾ ಫೇಲಾದಾಕಿ ಅಲ್ಲೇನವಾ, ಯಾರು ಕರೀತಾರ?” ಎಂದು ಈರಮ್ಮ ನಕ್ಕಳು.

ನನಗೆ ನಗು ಬರಲಿಲ್ಲ. ಗುಂಪು ಕಟ್ಟುವಾಗ ಪಾಸಾದವರ ಪಟ್ಟಿ ಮುಂದಿಟ್ಟುಕೊಂಡು ಹೆಸರು ಸೇರಿಸಿದವಳು ನಾನೇ.

ನಮ್ಮ ಶಾಲೆಯ ಚರಿತ್ರೆ ಈಗ ಈರಮ್ಮನ ಅಜ್ಜಿ ಎತ್ತುಗಳನ್ನು ಹೊರಗೆ ಕಟ್ಟುವುದರಿಂದ ಶುರುವಾಗುತ್ತದೆ. ಗುಂಪಿಗೆ ಹೆಸರು ಸೇರಿಸುವ ಕೆಲಸ ಇನ್ನೂ ನನ್ನದೇ. ಆದರೆ ಈಗ ನನ್ನ ಮುಂದಿರುವುದು ಹತ್ತನೇ ಕ್ಲಾಸಿನ ಹಾಜರಿ ಪುಸ್ತಕ.