ಒಂದೇ ಮಂಚ, ಎರಡು ಫೋಮ್

ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುವ ಆಕೆಯನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೆ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಸಂಜೆ ಆಕೆ ಬೆಂದು ಮನೆಗೆ ಬಂದರೆ ಅವನು ನಡುಗುತ್ತ ಬರುತ್ತಿದ್ದ.

ಹಳೆಯ ಹತ್ತಿ ಹಾಸಿಗೆ ಗಂಟುಗಂಟಾದಾಗ ಗಂಡ ಆಸೆಪಟ್ಟು ಮೆಮೊರಿ ಫೋಮ್ ಹಾಸಿಗೆ ತಂದ. ಮಲಗಿದವರ ಮೈಗೆ ತಕ್ಕಂತೆ ತಗ್ಗಿ ಸುತ್ತಲೂ ಅಪ್ಪಿಕೊಳ್ಳುವ ಆ ಹಾಸಿಗೆಯಲ್ಲಿ ಅವನಿಗೆ ಸೊಂಪಾದ ನಿದ್ದೆ. ಆಕೆಗೋ ಬೆನ್ನು ಕಾದ ಹಂಚಿನಂತಾಗಿ ಉಟ್ಟ ಬಟ್ಟೆಯೆಲ್ಲ ಒದ್ದೆ. ಕೊನೆಗೆ ದಿಂಬು ಹಿಡಿದು ನಡುಮನೆಯ ನೆಲಕ್ಕೆ ಇಳಿದಳು.

ಜೊತೆಗೇ ಇದ್ದ ನಾದಿನಿ ಅದನ್ನು ಕಂಡು ಗಾಬರಿಯಾದಳು. "ಅತ್ತಿಗೆ, ಅಣ್ಣ ಏನಾದ್ರೂ ಅಂದ್ನಾ?"

"ನಿಮ್ಮಣ್ಣ ಬಂಗಾರದಂಥವನು ಕಣೇ. ಬೆಂಕಿ ಇರೋದು ಹಾಸಿಗೇಲಿ."

ಗಂಡ ಆಕೆಯನ್ನು ಹಾಸಿಗೆ ಅಂಗಡಿಗೆ ಕರೆದೊಯ್ದ. ಅಂಗಡಿಯವನು ತೂತುತೂತಿನ ಲೇಟೆಕ್ಸ್ ಫೋಮ್ ತೋರಿಸಿದ. "ನಿಮ್ಮ ಹಾಸಿಗೇಲಿ ಗಾಳಿ ಸರಿಯಾಗಿ ಆಡಲ್ಲಮ್ಮ, ಮೈ ಕಾವು ಅಲ್ಲೇ ಉಳ್ಕೊಳ್ಳುತ್ತೆ. ಇದ್ರಲ್ಲಿ ಗಾಳಿ ಓಡಾಡುತ್ತೆ, ಮೈನೂ ಅಷ್ಟು ಮುಳುಗಲ್ಲ."

ಆಕೆ ಮಲಗಿ ನೋಡಿ ಒಪ್ಪಿದಳು. ಗಂಡ ಮಲಗಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡ. "ನಂಗೆ ನಮ್ಮದೇ ಬೆಚ್ಚಗಿತ್ತು."

"ಹಾಗಾದ್ರೆ ಅದನ್ನ ಉದ್ದಕ್ಕೆ ಸೀಳಿ, ನನ್ನ ಪಾಲಿಗೆ ಇದನ್ನ ಹಾಕ್ಕೊಡಿ," ಎಂದಳು ಆಕೆ.

ಅಂಗಡಿಯವನು ನಗುತ್ತಲೇ ಮನೆಯ ಹಾಸಿಗೆ ತರಿಸಿಕೊಂಡು, ಸೀಳಿ, ಎರಡನ್ನೂ ಒಂದೇ ಗವಸಿನೊಳಗೆ ಕೂಡಿಸಿ ಕೊಟ್ಟ. ಆ ರಾತ್ರಿ ಮಲಗಿದಾಗ ನಡುವೆ ಬೆರಳಿನಷ್ಟು ಏರುಪೇರು ಉಳಿದಿದೆ ಎಂದು ಗಂಡ ಗೊಣಗಿದ. ಆಕೆಗೆ ಅದು ಕೇಳಿಸಲಿಲ್ಲ, ಆಗಲೇ ಕಣ್ಣು ಹತ್ತಿತ್ತು. ಮರುದಿನ ಲಾಂಡ್ರಿಗೆ ತಡವಾಗಿ ಹೋಗಿ ಬೈಸಿಕೊಂಡಳು, ಬೈಸಿಕೊಳ್ಳುತ್ತಲೇ ನಕ್ಕಳು.